ದಸರಾ ತಿಂಗಳ ಮೆಸ್ ಬಿಲ್: ಮೊದಲ ವರ್ಷದ ಹಾಸ್ಟೆಲಿನ ಒಂದು ಪ್ರಕರಣ

ಮೈಸೂರು ಸೀಮೆಯ ವಿಶ್ವವಿದ್ಯಾಲಯವೊಂದರ ಕ್ಯಾಂಪಸ್. ಮೊದಲ ವರ್ಷದ ಹುಡುಗಿಯರಿಗೇ ಬೇರೆಯಾದ ಹಾಸ್ಟೆಲ್, 160 ಮಂದಿ, ಕೋಣೆಗೆ ಮೂವರು. ಊಟ ಡಿವೈಡಿಂಗ್ ಪದ್ಧತಿಯದು. ತಿಂಗಳ ಖರ್ಚನ್ನೆಲ್ಲ ಕೂಡಿ, ಎಲ್ಲರ ಮೆಸ್ ದಿನಗಳ, ಅಂದರೆ ಒಬ್ಬೊಬ್ಬರ ಲೆಕ್ಕಕ್ಕೆ ಬಿದ್ದ ಊಟದ ದಿನಗಳ, ಮೊತ್ತದಿಂದ ಭಾಗಿಸುತ್ತಾರೆ. ಬಂದ ದಿನದರವನ್ನು ಒಬ್ಬೊಬ್ಬರ ದಿನಗಳಿಗೆ ಗುಣಿಸಿ ಬಿಲ್ ಹಾಕುತ್ತಾರೆ. ಸೆಪ್ಟೆಂಬರ್‌ನಲ್ಲಿ ದಿನಕ್ಕೆ 102 ರೂಪಾಯಿ ಬಿದ್ದಿತ್ತು. ನವೆಂಬರ್ ಮೊದಲ ವಾರದಲ್ಲಿ ನೋಟಿಸ್ ಬೋರ್ಡಿಗೆ ಬಂದ ಅಕ್ಟೋಬರ್ ಬಿಲ್‌ನಲ್ಲಿ ಅದು 146 ಆಗಿತ್ತು. ಅಡುಗೆ ಬದಲಾಗಿರಲಿಲ್ಲ, ಸಾಂಬಾರಿನ ರುಚಿಯೂ ಬದಲಾಗಿರಲಿಲ್ಲ.

ಇದು ಯಾವುದೋ ಒಂದು ಹಾಸ್ಟೆಲಿನ ಕಡತದ ನಕಲಲ್ಲ ಎಂದು ಮೊದಲೇ ಹೇಳಿಬಿಡಬೇಕು. ಡಿವೈಡಿಂಗ್ ಮೆಸ್‌ಗಳಲ್ಲಿ ವರ್ಷವರ್ಷವೂ ಎದುರಾಗುವ ಸಂಗತಿಗಳನ್ನು ಒಂದೇ ಕೋಣೆಗೆ, ಒಂದೇ ತಿಂಗಳಿಗೆ ತಂದು ಕಟ್ಟಿದ ಪ್ರಕರಣ. ರೂಪಾಯಿಯ ಅಂಕಿಗಳು ಲೆಕ್ಕದ ದಾರಿ ಕಾಣಲೆಂದು ಇಟ್ಟುಕೊಂಡವು. ನಿಮ್ಮ ಮೆಸ್‌ನ ದರ ಬೇರೆ ಇರಬಹುದು, ಲೆಕ್ಕ ಹೋಗುವ ದಾರಿ ಮಾತ್ರ ಇದೇ.

ಕೋಣೆಯ ಮೂವರಲ್ಲಿ ಇಬ್ಬರ ಬಿಲ್ ನೋಡಿದರೆ ಸಾಕು. ಒಬ್ಬಳು ಮಳವಳ್ಳಿ ಕಡೆಯವಳು. ಬಸ್ಸಿಗೆ ಒಂದೂವರೆ ಗಂಟೆಯ ದಾರಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ದುಡ್ಡಿನ ಚಿಂತೆಯೂ ಇಲ್ಲ. ಶನಿವಾರ ಮಧ್ಯಾಹ್ನ ಹೊರಟರೆ ಸೋಮವಾರ ಬೆಳಗಿನ ಮೊದಲ ಕ್ಲಾಸಿಗೆ ವಾಪಸ್. ದಸರಾಕ್ಕೆ ಒಂಬತ್ತು ದಿನ ಊರಲ್ಲಿದ್ದಳು. ಇನ್ನೊಬ್ಬಳು ಸುರಪುರದ ಕಡೆಯವಳು. ಅವಳಿಗೂ ಬಸ್ ಉಚಿತವೇ, ಆದರೆ ರಾತ್ರಿಯೆಲ್ಲ ಕೂತು ಮರುದಿನವೂ ಪ್ರಯಾಣಿಸಬೇಕು. ಹೋಗಿಬರುವುದರಲ್ಲೇ ರಜೆಯ ಅರ್ಧ ಮುಗಿಯುತ್ತದೆ. ಅವಳು ಅಕ್ಟೋಬರ್‌ನ 31 ದಿನವೂ ಹಾಸ್ಟೆಲಿನಲ್ಲೇ ಇದ್ದಳು.

ಬೋರ್ಡಿನಲ್ಲಿ ಇಬ್ಬರ ಹೆಸರಿನ ಮುಂದೆಯೂ ಒಂದೇ ಮೊತ್ತ: 31 ದಿನ, 4,526 ರೂಪಾಯಿ. ಇಬ್ಬರ ಬಿಲ್ಲೂ ತಪ್ಪು. ಆದರೆ ತಪ್ಪಿನ ಬಗೆ ಬೇರೆಬೇರೆ.

ಬಿಲ್‌ನ ಹಿಂದಿನ ಹಾಳೆ

ಬೋರ್ಡಿಗೆ ಹಚ್ಚುವುದು ಹೆಸರು, ದಿನ, ಮೊತ್ತ ಇಷ್ಟೇ. ಅದರ ಹಿಂದೆ ಒಂದು ಗೋಷ್ವಾರೆ ಇರುತ್ತದೆ, ಖರ್ಚಿನ ಬಾಬುಗಳನ್ನು ಕೂಡಿದ ಹಾಳೆ. ಅದನ್ನು ಕೇಳಿ ನೋಡುವುದು ಹಾಸ್ಟೆಲ್‌ವಾಸಿಯ ಹಕ್ಕು. ಡಿವೈಡಿಂಗ್ ಎಂದರೆ ಎಲ್ಲರ ದುಡ್ಡು ಸೇರಿದ ಲೆಕ್ಕ. ಮೊದಲ ವರ್ಷದವರು ಮಾತ್ರ ಕೇಳುವುದಿಲ್ಲ. ಕೇಳಿದರೆ ವಾರ್ಡನ್ ಮೇಡಂ ಏನೆಂದುಕೊಳ್ಳುತ್ತಾರೋ ಎಂಬ ಅಳುಕು. ಈ ಪ್ರಕರಣದಲ್ಲಿ ಸುರಪುರದ ಹುಡುಗಿ ಮೆಸ್ ಗುಮಾಸ್ತರ ಬಳಿ ಹೋಗಿ, ‘ಸರ್, ಇದರಾಗ ದಿನಸಿಗೆ ಎಷ್ಟ್ ಹೋಗ್ಯದ, ಒಮ್ಮೆ ತೋರಿಸ್ರಿ’ ಎಂದಳು. ಅವರು ತೋರಿಸಿದರು. ಅಳುಕಿದಷ್ಟು ಕಷ್ಟವೇನಿರಲಿಲ್ಲ.

ಸೆಪ್ಟೆಂಬರ್ ಹೀಗಿತ್ತು. ದಿನಸಿ 1,57,500. ತರಕಾರಿ, ಹಣ್ಣು 72,000. ಹಾಲು, ಮೊಸರು 90,000. ಗ್ಯಾಸ್ 22,500. ಅಡುಗೆಯವರು, ಸಹಾಯಕರು ಸೇರಿ ಎಂಟು ಜನರ ಸಂಬಳ 1,08,000. ಪಾತ್ರೆ ತೊಳೆಯುವ ಪುಡಿ, ಫಿನೈಲ್, ರಿಪೇರಿ ಇತ್ಯಾದಿ 9,000. ಒಟ್ಟು 4,59,000. ಮೆಸ್ ದಿನ 4,500. ಭಾಗಿಸಿದರೆ 102.

ಅಕ್ಟೋಬರ್: ದಿನಸಿ 1,77,000. ತರಕಾರಿ, ಹಣ್ಣು 51,000. ಹಾಲು, ಮೊಸರು 63,000. ಗ್ಯಾಸ್ 18,000. ಸಂಬಳ ಅದೇ 1,08,000. ಇತರೆ ಅದೇ 9,000. ಆಯುಧಪೂಜೆಯ ದಿನ ಹೋಳಿಗೆ ಊಟಕ್ಕೆ 12,000. ಒಟ್ಟು 4,38,000. ಮೆಸ್ ದಿನ 3,000 ಮಾತ್ರ, ಏಕೆಂದರೆ ದಸರಾ ರಜೆಗೆ ಬಹುಪಾಲು ಹುಡುಗಿಯರು ಮೆಸ್ ಕಟ್ ಬರೆಸಿ, ಅಂದರೆ ತಾವಿಲ್ಲದ ದಿನಗಳನ್ನು ಲೆಕ್ಕದಿಂದ ಬಿಡಿಸಿಕೊಂಡು, ಊರಿಗೆ ಹೋಗಿದ್ದರು. ಭಾಗಿಸಿದರೆ 146.

ಒಟ್ಟು ಖರ್ಚು ಸೆಪ್ಟೆಂಬರ್‌ಗಿಂತ ಕಡಿಮೆ, ದಿನದರ ಮಾತ್ರ 44 ರೂಪಾಯಿ ಹೆಚ್ಚು. ಇಲ್ಲೇ ಹೆಚ್ಚಿನವರು ‘ಯಾರೋ ದುಡ್ಡು ಹೊಡೆದಿದ್ದಾರೆ’ ಎಂಬ ತೀರ್ಮಾನಕ್ಕೆ ಹಾರುವುದು. ಹಾರುವ ಮೊದಲು ಬಾಬು ಬಾಬಾಗಿ ನೋಡಬೇಕು. ದಿನಸಿಯ ಸಾಲು ಕಣ್ಣಿಗೆ ಹೊಡೆಯುತ್ತದೆ: ಉಂಡವರು ಮೂರನೇ ಒಂದು ಪಾಲು ಕಡಿಮೆಯಾಗಿದ್ದಾರೆ, ದಿನಸಿ ಏರಿದೆ. ತರಕಾರಿಯೂ ಹಾಲೂ ಇಳಿದಿರುವಾಗ ಅಕ್ಕಿ ಬೇಳೆ ಹೇಗೆ ಏರೀತು?

ಮಳಿಗೆಯಲ್ಲಿ ಉಳಿದ 63,000 ರೂಪಾಯಿ

ಅಕ್ಟೋಬರ್ 30ರಂದು ಸಗಟು ಅಂಗಡಿಯಿಂದ ಒಂದು ಲೋಡು ದಿನಸಿ ಬಂದಿತ್ತು. ಬಿಲ್‌ನ ತಾರೀಖು ಅಕ್ಟೋಬರ್‌ನದು, ಆದ್ದರಿಂದ ಗುಮಾಸ್ತರು ಅದನ್ನು ಪೂರ್ತಿ ಅಕ್ಟೋಬರ್ ಖರ್ಚಿಗೆ ಹಾಕಿದ್ದರು. ಹಾಸ್ಟೆಲಿನ ದಿನಸಿ ಕೋಣೆಯಾದ ಮಳಿಗೆಯ ಬಾಗಿಲು ತೆಗೆಸಿ ಎಣಿಸಿದಾಗ ಸಿಕ್ಕಿದ್ದು: 25 ಕಿಲೋದ ಸೋನಾ ಮಸೂರಿ ಮೂಟೆ 28, ಅಂದರೆ 700 ಕಿಲೋ, ಕಿಲೋಗೆ 52ರಂತೆ 36,400. ತೊಗರಿಬೇಳೆ 100 ಕಿಲೋ, 14,000. ಸೂರ್ಯಕಾಂತಿ ಎಣ್ಣೆ 5 ಡಬ್ಬ, 10,000. ಸಕ್ಕರೆ 50 ಕಿಲೋ, 2,200. ಉಪ್ಪು, ಚಹಾಪುಡಿ ಚಿಲ್ಲರೆ 400. ಕೂಡಿದರೆ 63,000. ಸೆಪ್ಟೆಂಬರ್ ಕೊನೆಗೆ ಮಳಿಗೆ ಬಹುತೇಕ ಖಾಲಿಯಾಗಿತ್ತು, ಹಾಗಾಗಿ ಹಿಂದಿನಿಂದ ಬಂದ ದಾಸ್ತಾನು ಲೆಕ್ಕಕ್ಕಿಲ್ಲ.

ತಿಂಗಳ ಖರ್ಚು ಎಂದರೆ ತಿಂಗಳಲ್ಲಿ ಕೊಂಡದ್ದಲ್ಲ, ಬೇಯಿಸಿದ್ದು. ಮೊದಲ ದಿನದ ದಾಸ್ತಾನಿಗೆ ಖರೀದಿ ಕೂಡಿಸಿ, ಕೊನೆಯ ದಿನದ ದಾಸ್ತಾನು ಕಳೆಯಬೇಕು. ಈ ಕೊನೆಯ ಕಳೆಯುವಿಕೆಯೇ ಬಿಟ್ಟುಹೋಗಿತ್ತು. ಕಳೆದರೆ ದಿನಸಿ 1,14,000ಕ್ಕೆ ಇಳಿಯುತ್ತದೆ. ದಿನದರದಲ್ಲಿ ಒಮ್ಮೆಲೇ 21 ರೂಪಾಯಿ ಕಡಿಮೆ.

ಅಂದಾಜಿಗೆ ಇನ್ನೊಂದು ಅಡ್ಡಲೆಕ್ಕ ಮಾಡಬಹುದು, ಮಳಿಗೆಯ ಕೀಲಿ ಸಿಗದಿದ್ದರೂ ಆಗುವಂಥದ್ದು. ಮೂರು ಹೊತ್ತಿಗೆ ಒಬ್ಬರಿಗೆ ಸುಮಾರು 250 ಗ್ರಾಂ ಅಕ್ಕಿ, ಸಾಂಬಾರು ಪಲ್ಯ ಸೇರಿ 60 ಗ್ರಾಂ ಬೇಳೆ, 35 ಮಿಲಿ ಎಣ್ಣೆ ಹಿಡಿಯಿರಿ. 3,000 ಮೆಸ್ ದಿನಕ್ಕೆ 750 ಕಿಲೋ ಅಕ್ಕಿ ಬೇಕು. ಖರೀದಿ ಬಿಲ್‌ಗಳಲ್ಲಿ ಅಕ್ಕಿ 1,450 ಕಿಲೋ ಇದ್ದರೆ ಉಳಿದ 700 ಎಲ್ಲಿ ಎಂದು ಕೇಳಲೇಬೇಕು. ಉತ್ತರ ‘ಮಳಿಗೆಯಲ್ಲಿದೆ’ ಎಂದಾದರೆ ಅದು ಬರವಣಿಗೆಯ ತಪ್ಪು. ಮಳಿಗೆಯಲ್ಲೂ ಇಲ್ಲದಿದ್ದರೆ ಆಗ ಬೇರೆಯೇ ವಿಷಯ, ಆಗ ದೂರು ಲಿಖಿತವಾಗಿ ಮುಖ್ಯ ವಾರ್ಡನ್‌ಗೆ ಹೋಗಬೇಕು. ಸರ್ಕಾರಿ ವಿಶ್ವವಿದ್ಯಾಲಯವಾದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಖರೀದಿ ಬಿಲ್‌ಗಳ ನಕಲು ಕೇಳಬಹುದು, ಉತ್ತರಕ್ಕೆ 30 ದಿನದ ಗಡುವಿದೆ. ಈ ಪ್ರಕರಣದಲ್ಲಿ ಅದು ಬೇಕಾಗಲಿಲ್ಲ. ಬಾಯಿಮಾತಿನಲ್ಲಿ ಕೇಳಿದ್ದಕ್ಕೇ ಬಾಗಿಲು ತೆರೆಯುವಾಗ ಅರ್ಜಿಯಿಂದ ಶುರುಮಾಡುವುದು ಸರಿಯಲ್ಲ ಎಂಬುದು ನಮ್ಮ ಅಭಿಪ್ರಾಯ. ಗುಮಾಸ್ತರೂ ಅದೇ ಕ್ಯಾಂಪಸ್ಸಿನಲ್ಲಿ ಈ ಹುಡುಗಿಯರೊಂದಿಗೆ ವರ್ಷಗಟ್ಟಲೆ ಇರುವವರು.

ಗುಮಾಸ್ತರು ಹೇಳಿದ ಸಮಾಧಾನ ಎಲ್ಲ ಹಾಸ್ಟೆಲ್‌ಗಳಲ್ಲೂ ಕೇಳಿಬರುವಂಥದ್ದು: ‘ಆ ಅಕ್ಕಿ ಮುಂದಿನ ತಿಂಗಳು ನೀವೇ ತಾನೇ ಉಣ್ಣೋದು, ಆಗ ಬಿಲ್ ಕಡಿಮೆ ಬರುತ್ತಮ್ಮ, ಎಲ್ಲ ಸರಿಹೋಗುತ್ತೆ.’ ಸರಿಹೋಗುವುದಿಲ್ಲ. ಲೆಕ್ಕ ಮಾಡಿ ನೋಡಿ. ಅಕ್ಟೋಬರ್ ಪೂರ್ತಿ ಉಂಡವಳು ಆ ದಾಸ್ತಾನಿಗಾಗಿ 31 ದಿನಕ್ಕೆ 21ರಂತೆ 651 ರೂಪಾಯಿ ಕಟ್ಟುತ್ತಾಳೆ. ನವೆಂಬರ್‌ನಲ್ಲಿ ಮೆಸ್ ದಿನ 4,400 ಆದರೆ ಅದೇ 63,000 ಹಂಚಿ ದಿನಕ್ಕೆ 14 ರೂಪಾಯಿ ಚಿಲ್ಲರೆ ಇಳಿಯುತ್ತದೆ. 30 ದಿನಕ್ಕೆ ಅವಳಿಗೆ ವಾಪಸ್ ಬರುವುದು 430ರ ಆಸುಪಾಸು. 220 ರೂಪಾಯಿ ಹೋಯಿತು. ಅಕ್ಟೋಬರ್‌ನಲ್ಲಿ ಹತ್ತೇ ದಿನ ಉಂಡವಳು 210 ಕಟ್ಟಿ 430 ಪಡೆಯುತ್ತಾಳೆ. ರಜೆಯಲ್ಲಿ ಹಾಸ್ಟೆಲಿನಲ್ಲೇ ಉಳಿದವರು ಊರಿಗೆ ಹೋದವರ ಮುಂದಿನ ತಿಂಗಳ ಅಕ್ಕಿ ಕೊಂಡುಕೊಟ್ಟ ಹಾಗಾಯಿತು. ಹಾಗೆ ಉಳಿಯುವವರು ಯಾರು? ಬೀದರ್, ಕಲಬುರಗಿ, ಯಾದಗಿರಿ, ರಾಯಚೂರಿನವರು. ಊರು ದೂರವಾದವರು, ಹಲವು ಸಲ ಮನೆಯಲ್ಲಿ ದುಡ್ಡಿಗೆ ತಾಪತ್ರಯ ಇರುವವರು. ಅರಿಯದೆ ಆದ ಅನ್ಯಾಯವಾದರೂ ಅನ್ಯಾಯವೇ.

ಅತಿಥಿ ಕೂಪನ್, ಮತ್ತು ಒಂದು ವಾಟ್ಸ್‌ಆ್ಯಪ್ ಸಂದೇಶ

ಭಾನುವಾರ ನೋಡಲು ಬಂದ ಅಪ್ಪ ಅಮ್ಮಂದಿರಿಗೆ ಊಟಕ್ಕೆ 60 ರೂಪಾಯಿಯ ಕೂಪನ್. ಅಕ್ಟೋಬರ್‌ನಲ್ಲಿ 100 ಕೂಪನ್ ಹೋಗಿತ್ತು. ಆ 6,000 ಹಾಸ್ಟೆಲ್ ಖಾತೆಗೆ ಜಮಾ ಆಗಿತ್ತು, ಮೆಸ್ ಗೋಷ್ವಾರೆಯಲ್ಲಿ ಮಾತ್ರ ಕಳೆದಿರಲಿಲ್ಲ. ಅತಿಥಿ ಉಂಡದ್ದು ಮೆಸ್‌ನ ಅನ್ನ, ದುಡ್ಡೂ ಮೆಸ್‌ಗೆ ಬರಬೇಕು. ದಿನಕ್ಕೆ 2 ರೂಪಾಯಿ ಇಳಿಯಿತು. ಕೂಪನ್ ಪುಸ್ತಕದ ಕೌಂಟರ್ ಫಾಯಿಲ್ ಎಣಿಸಿದರೆ ಐದು ನಿಮಿಷದಲ್ಲಿ ಮುಗಿಯುವ ತಪಾಸಣೆ ಇದು.

ಎರಡೂ ತಿದ್ದಿದ ಮೇಲೆ ಒಟ್ಟು 3,69,000, ದಿನದರ 123. ಸುರಪುರದ ಹುಡುಗಿಯ ಬಿಲ್ 4,526ರಿಂದ 3,813ಕ್ಕೆ ಬಂತು. ಪ್ರವೇಶದ ಹೊತ್ತಿಗೆ ಕಟ್ಟಿದ 6,000 ರೂಪಾಯಿ ಮೆಸ್ ಮುಂಗಡದಲ್ಲಿ ಸೆಪ್ಟೆಂಬರ್‌ನ 3,060 ಹೋಗಿ 2,940 ಉಳಿದಿತ್ತು. ಹಳೆಯ ಬಿಲ್ ಪ್ರಕಾರ ಅವಳು ತಕ್ಷಣ ತರಬೇಕಿದ್ದದ್ದು 1,586. ತಿದ್ದಿದ ಮೇಲೆ 873. ಮನೆಯಲ್ಲಿ ಹತ್ತಿ ಬಿಡಿಸಿ ಮಾರಿದ ಮೇಲಷ್ಟೇ ಕೈಗೆ ಕಾಸು ಬರುವಾಗ ಈ ಎರಡು ಮೊತ್ತಗಳ ನಡುವೆ ಇರುವ ಅಂತರ ಸಣ್ಣದಲ್ಲ. ಬಾಕಿ ಉಳಿದರೆ ಏನೂ ಬಾಕಿಯಿಲ್ಲವೆಂಬ ‘ನೋ ಡ್ಯೂಸ್’ ಪತ್ರ ಸಿಗುವುದಿಲ್ಲ, ಅದಿಲ್ಲದೆ ಪರೀಕ್ಷೆ ಅರ್ಜಿಗೆ ತೊಡಕು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ತಿಂಗಳ ಬಿಲ್ ನೋಡಿಕೊಂಡು ಬರುವುದಿಲ್ಲ, ಅದನ್ನು ನಂಬಿ ಮೆಸ್ ಬಾಕಿ ಬೆಳೆಸಬಾರದು. ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಹಾಸ್ಟೆಲ್‌ವಾಸಿ ಎಂದೇ ದಾಖಲಾಗಿದೆಯೇ ಎಂದೂ ನೋಡಿಕೊಳ್ಳಬೇಕು. ಮನೆಯಿಂದ ಓಡಾಡುವವರಿಗೂ ಹಾಸ್ಟೆಲಿನಲ್ಲಿರುವವರಿಗೂ ಭತ್ಯೆಯ ದರ ಬೇರೆ.

ಮಳವಳ್ಳಿಯ ಹುಡುಗಿಯ ತೊಂದರೆ ಬೇರೆ. ಒಂಬತ್ತು ದಿನ ಊರಲ್ಲಿದ್ದರೂ ಅವಳ ಹೆಸರಿನ ಮುಂದೆ 31 ಬಿದ್ದದ್ದು ಏಕೆಂದರೆ ಅವಳು ಕಟ್ ಪುಸ್ತಕದಲ್ಲಿ ಬರೆದಿರಲಿಲ್ಲ. ಹೊರಡುವ ದಿನ ಬಸ್ ಸ್ಟ್ಯಾಂಡಿನಿಂದ ಆ ತಿಂಗಳ ಮೆಸ್ ಮ್ಯಾನೇಜರ್ ಆಗಿದ್ದ ಸಹಪಾಠಿಗೆ ಸಂದೇಶ ಕಳಿಸಿದ್ದಳು, ಅವಳು ‘ಓಕೆ’ ಎಂದಿದ್ದಳು. ಅಡುಗೆಮನೆಗೆ ತಲುಪುವುದು ‘ಓಕೆ’ ಅಲ್ಲ, ಪುಸ್ತಕದ ಎಣಿಕೆ. ನಿಯಮ ಇದ್ದದ್ದು: ಹಿಂದಿನ ದಿನ ಸಂಜೆ 6ರೊಳಗೆ ಪುಸ್ತಕದಲ್ಲಿ ಹೆಸರು, ಕೋಣೆ ಸಂಖ್ಯೆ, ಹೋಗುವ ತಾರೀಖು, ಮೊದಲು ಬಿಡುವ ಊಟ, ವಾಪಸ್ ಬಂದು ಮೊದಲು ಉಣ್ಣುವ ಊಟ ಬರೆದು ಸಹಿ ಮಾಡಬೇಕು, ಕಟ್ ಕನಿಷ್ಠ ಸತತ ಮೂರು ದಿನದ್ದಾಗಿರಬೇಕು. ಹೊತ್ತಿನ ಗಡುವಿಗೆ ಕಾರಣವಿದೆ. ಇಡ್ಲಿಗೆ ಅಕ್ಕಿ ಉದ್ದು ನೆನೆಹಾಕಿ ಸಂಜೆಯೇ ರುಬ್ಬಬೇಕು, ಕಾಳು ರಾತ್ರಿ ನೆನೆಯಬೇಕು, ಹಾಲಿನವರಿಗೆ ಹಿಂದಿನ ದಿನವೇ ಲೀಟರ್ ಹೇಳಬೇಕು. ಬೆಳಿಗ್ಗೆ ಹೇಳಿದ ಕಟ್‌ನಿಂದ ಮೆಸ್‌ಗೆ ಒಂದು ರೂಪಾಯಿಯೂ ಉಳಿಯುವುದಿಲ್ಲ.

ಆದರೆ ಅವಳು ಊರಲ್ಲಿದ್ದದ್ದು ಸುಳ್ಳಲ್ಲ. ಗೇಟಿನ ಔಟ್ ಪಾಸ್ ಪುಸ್ತಕದಲ್ಲಿ ಹೋದ ಬಂದ ವೇಳೆ ಎರಡೂ ಇದೆ. ವಾರ್ಡನ್ ಮೊದಲ ದಿನವನ್ನು ಬಿಟ್ಟು ಎಂಟು ದಿನದ ಕಟ್ ಕೊಟ್ಟರು. 23 ದಿನಕ್ಕೆ 2,829. ಭಾಜಕ ಎಂಟು ಕಡಿಮೆಯಾದ್ದರಿಂದ ದಿನದರ ಮೂವತ್ತು ಪೈಸೆ ಚಿಲ್ಲರೆ ಏರುತ್ತದೆ. ಅದನ್ನು ನವೆಂಬರ್‌ಗೆ ಮುಂದೂಡಿದರು. ಇದು ಒಂದು ಸಲದ ರಿಯಾಯಿತಿ ಎಂದು ಬರೆದು ಹಚ್ಚಿದ್ದೂ ಸರಿಯೇ. ಔಟ್ ಪಾಸ್ ಇದ್ದರೆ ಸಾಕು ಎಂದಾಗಿಬಿಟ್ಟರೆ ಕಟ್ ಪುಸ್ತಕವನ್ನು ಯಾರೂ ಮುಟ್ಟುವುದಿಲ್ಲ, ದಿನವೂ ಹತ್ತು ಜನರ ಅನ್ನ ಹೆಚ್ಚಾಗಿ ಕಸಕ್ಕೆ ಹೋಗುತ್ತದೆ.

ಉಳಿದ 21 ರೂಪಾಯಿ

ತಪ್ಪುಗಳನ್ನೆಲ್ಲ ತೆಗೆದರೂ ದರ 102 ಆಗಲಿಲ್ಲ, 123 ಆಯಿತು. ಈ ಭಾಗದಲ್ಲಿ ಯಾರ ಕೈತಪ್ಪೂ ಇಲ್ಲ, ಪದ್ಧತಿಯೇ ಹಾಗಿದೆ. ಹಬ್ಬದೂಟಕ್ಕೆ ದಿನಕ್ಕೆ 4 ರೂಪಾಯಿ. ತರಕಾರಿ, ಹಾಲು, ದಿನಸಿ, ಗ್ಯಾಸ್, ಇತರೆ, ಕೂಪನ್ ಎಲ್ಲ ಕೂಡಿ ಕಳೆದು 5. ಗ್ಯಾಸ್ ಬಗ್ಗೆ ಒಂದು ಮಾತು: ಮೆಸ್ ದಿನ ಮೂರನೇ ಒಂದರಷ್ಟು ಇಳಿದರೂ ಗ್ಯಾಸ್ ಐದನೇ ಒಂದರಷ್ಟೇ ಇಳಿಯಿತು. ದೊಡ್ಡ ಕೊಳಗದಲ್ಲಿ ಎಂಬತ್ತು ಜನರ ಸಾಂಬಾರು ಕುದಿಸುವುದಕ್ಕೂ ನೂರೈವತ್ತು ಜನರದ್ದಕ್ಕೂ ಒಲೆ ಉರಿಯುವ ಹೊತ್ತಿನಲ್ಲಿ ಅಷ್ಟೇನೂ ವ್ಯತ್ಯಾಸವಿಲ್ಲ. ರಜೆಯಲ್ಲಿ ಸಣ್ಣ ಪಾತ್ರೆ, ಸಣ್ಣ ಬರ್ನರ್ ಬಳಸಿದರೆ ಸ್ವಲ್ಪ ಉಳಿಯುತ್ತದೆ.

ಮಿಕ್ಕ 12 ರೂಪಾಯಿ ಸಂಬಳದ್ದು. 1,08,000ವನ್ನು 4,500 ದಿನಕ್ಕೆ ಹಂಚಿದಾಗ 24, 3,000ಕ್ಕೆ ಹಂಚಿದಾಗ 36. ಅಡುಗೆಯವರ ಸಂಬಳವನ್ನು ವಿಶ್ವವಿದ್ಯಾಲಯವೇ ಕೊಡುವ ಹಾಸ್ಟೆಲ್‌ಗಳಲ್ಲಿ ಈ ಭಾರವಿಲ್ಲ. ಇಲ್ಲಿ ಅದು ಮೆಸ್ ಬಿಲ್‌ನೊಳಗೇ ಬರುತ್ತದೆ. ‘ರಜೆಯಲ್ಲಿ ನಾಲ್ಕು ಜನ ಸಾಕು, ಉಳಿದವರಿಗೆ ಸಂಬಳ ಬೇಡ’ ಎಂಬ ಸಲಹೆ ಮೆಸ್ ಸಭೆಯಲ್ಲಿ ಬಂತು. ಬರಬಾರದಿತ್ತು. ಬೆಳಿಗ್ಗೆ ನಾಲ್ಕೂವರೆಗೆ ಒಲೆ ಹಚ್ಚುವ ಅಕ್ಕಂದಿರಿಗೂ ದಸರಾ ಇದೆ. ಅವರಿಗೆ ಸರದಿಯಲ್ಲಿ ರಜೆ ಕೊಡಬಹುದು, ಸಂಬಳ ಮುರಿಯಬಾರದು. ಸಭೆ ಅದನ್ನು ಒಪ್ಪಿತು.

ಹಾಗಾದರೆ ಸಂಬಳ ಯಾರು ಹೊರಬೇಕು? ಉಂಡವರು ಮಾತ್ರವೋ, ಹಾಸ್ಟೆಲಿನಲ್ಲಿ ಮಂಚ ಇಟ್ಟುಕೊಂಡವರೆಲ್ಲರೋ? ನಾವು ಎರಡನೆಯದರ ಪರ. ಊರಿಗೆ ಹೋದವಳು ತಿರುಗಿ ಬಂದ ಬೆಳಿಗ್ಗೆ ಬಿಸಿ ಉಪ್ಪಿಟ್ಟು ಸಿಗಬೇಕಾದರೆ ಅಡುಗೆಮನೆ ಅವಳಿಲ್ಲದಾಗಲೂ ನಡೆದಿರಬೇಕು. ಹೀಗೆ ಯೋಚಿಸಿ ಮೆಸ್ ಸಮಿತಿ ನವೆಂಬರ್‌ನಿಂದ ಬಿಲ್ ಅನ್ನು ಎರಡು ಭಾಗ ಮಾಡಿತು. ಸಂಬಳ, ಇತರೆ ಸೇರಿ 1,17,000ವನ್ನು 160 ತಲೆಗೆ ಸಮವಾಗಿ ಹಂಚಿದರೆ ತಲಾ 731. ಮಿಕ್ಕದ್ದು ಊಟದ ದರ, ಹಾಜರಿಯ ಮೇಲೆ.

ಒಪ್ಪಿಸಲು ಅಕ್ಟೋಬರ್ ಅಂಕಿಗಳನ್ನೇ ಹೊಸ ಲೆಕ್ಕಕ್ಕೆ ಹಾಕಿ ಬೋರ್ಡಿನಲ್ಲಿ ತೋರಿಸಿದರು. ಊಟದ ದರ 2,52,000 ಭಾಗಿಸು 3,000, ದಿನಕ್ಕೆ 84. ಪೂರ್ತಿ ತಿಂಗಳು ಇದ್ದವಳಿಗೆ 3,813ರ ಬದಲು 3,335. 23 ದಿನ ಉಂಡವಳಿಗೆ 2,829ರ ಬದಲು 2,663. 12 ದಿನ ಉಂಡವಳಿಗೆ 1,476 ಇದ್ದದ್ದು 1,739 ಆಗುತ್ತದೆ. 19 ದಿನಕ್ಕಿಂತ ಕಡಿಮೆ ಉಂಡವರಿಗೆ ಭಾರ, ಹೆಚ್ಚು ಉಂಡವರಿಗೆ ಹಗುರ. ಸಹಜವಾಗಿಯೇ ಹತ್ತಿರದ ಊರಿನವರು ವಿರೋಧಿಸಿದರು: ವಾರವಾರ ಊರಿಗೆ ಹೋದರೂ ಮೂರು ದಿನದ ನಿಯಮದಿಂದಾಗಿ ನಮಗೆ ಕಟ್ ಸಿಗುವುದಿಲ್ಲ, ಈಗ ಇದೂ ಬೇರೆ ಹೊರೆಯೇ ಎಂದು.

ಆ ಆಕ್ಷೇಪದಲ್ಲಿ ನ್ಯಾಯವಿತ್ತು, ದಾರಿಯೂ ಅದರಲ್ಲೇ ಇತ್ತು. ಮೂರು ದಿನದ ನಿಯಮ ಇದ್ದದ್ದೇ ಎಲ್ಲರೂ ಬಿಡಿಬಿಡಿ ಕಟ್ ಬರೆಸಿ ಸಂಬಳದ ಪಾಲಿನಿಂದ ಜಾರಿಕೊಳ್ಳದಿರಲಿ ಎಂದು. ಸಂಬಳ ತಲೆಗೆ ಹಂಚಿಕೆಯಾದ ಮೇಲೆ ಆ ಭಯವಿಲ್ಲ. ಆದ್ದರಿಂದ ಶನಿವಾರ ರಾತ್ರಿಯಿಂದ ಭಾನುವಾರ ರಾತ್ರಿಯವರೆಗಿನ ನಾಲ್ಕು ಊಟಕ್ಕೆ ಒಂದು ದಿನದ ಕಟ್ ಕೊಡಲು ಒಪ್ಪಿದರು, ಶುಕ್ರವಾರ ಸಂಜೆ 6ರೊಳಗೆ ಪುಸ್ತಕದಲ್ಲಿ ಬರೆದರೆ ಮಾತ್ರ. ಪುಸ್ತಕದ ಆ ಪುಟದ ಫೋಟೊ ಆರು ಹೊಡೆದ ಕೂಡಲೇ ಹಾಸ್ಟೆಲ್ ಗುಂಪಿಗೆ ಹೋಗುತ್ತದೆ, ಆಮೇಲೆ ಹೆಸರು ತುರುಕುವಂತಿಲ್ಲ. ತಿಂಗಳಿಗೆ ನಾಲ್ಕು ವಾರಾಂತ್ಯ ಹೋಗುವವಳಿಗೆ 300 ರೂಪಾಯಿಗೂ ಮೇಲೆ ಉಳಿತಾಯ. ಮಳವಳ್ಳಿಯ ಹುಡುಗಿ ಒಪ್ಪಿಗೆಗೆ ಕೈ ಎತ್ತಿದ್ದು ಇದಾದ ಮೇಲೆ.

ದಾಸ್ತಾನಿಗೂ ಕ್ರಮ ಬಂತು. ತಿಂಗಳ ಕೊನೆಯ ರಾತ್ರಿ ಊಟ ಮುಗಿದು ಒಂಬತ್ತಕ್ಕೆ ಇಬ್ಬರು ವಿದ್ಯಾರ್ಥಿನಿಯರು, ಮಳಿಗೆಯವರು, ಮೂವರೂ ಸೇರಿ ಎಣಿಸಿ ಸಹಿ ಹಾಕುತ್ತಾರೆ. ಒಡೆಯದ ಮೂಟೆ ಎಣಿಕೆ, ಒಡೆದದ್ದು ತೂಕ. ಮುಕ್ಕಾಲು ಗಂಟೆಯ ಕೆಲಸ. ಇಬ್ಬರಲ್ಲಿ ಒಬ್ಬಳು ಮುಂದಿನ ತಿಂಗಳ ಮ್ಯಾನೇಜರ್ ಆಗಿರಬೇಕು, ಏಕೆಂದರೆ ದಾಸ್ತಾನು ಕಡಿಮೆ ಬರೆದರೆ ಹಿಂದಿನವಳ ದರ ಏರುತ್ತದೆ, ಹೆಚ್ಚು ಬರೆದರೆ ಇವಳ ದರ ಏರುತ್ತದೆ. ಎರಡೂ ಕಡೆಯವರು ಎದುರಿಗಿದ್ದರೆ ಅಂಕಿ ತಾನಾಗಿ ಸರಿಯಾಗಿರುತ್ತದೆ.

ಗೋಷ್ವಾರೆಯಲ್ಲಿ ಕಾಣದ ಒಂದು ಖರ್ಚೂ ಇತ್ತು. ಜೋಳದ ರೊಟ್ಟಿ ಉಂಡು ಬೆಳೆದ ಹುಡುಗಿಯರು ರಾತ್ರಿಯ ಅನ್ನ, ಮುದ್ದೆ ಒಗ್ಗದೆ ಅರ್ಧ ಬಿಟ್ಟು ಕ್ಯಾಂಟೀನಿನಲ್ಲಿ ಬನ್ನು, ಚಹಾಕ್ಕೆ 30 ರೂಪಾಯಿ ಕೊಡುತ್ತಿದ್ದರು. ಮೆಸ್‌ಗೂ ಕಟ್ಟಿ ಹೊರಗೂ ಕಟ್ಟುವುದು. ದಿನವೂ ಬಿಸಿ ರೊಟ್ಟಿ ಬಡಿಯಲು ಇರುವ ಕೈಗಳು ಸಾಲವು. ಖಡಕ್ ರೊಟ್ಟಿಯಾದರೆ ತೇವ ತಾಗದಂತೆ ಇಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಕಟ್ಟು ಕಟ್ಟಾಗಿ ತರಿಸಿ ವಾರಕ್ಕೆ ಮೂರು ರಾತ್ರಿ ಶೇಂಗಾ ಚಟ್ನಿ, ಮೊಸರಿನೊಂದಿಗೆ ಇಟ್ಟರು. ಅನ್ನ ಬಿಸಾಡುವುದು ಕಡಿಮೆಯಾಯಿತು. ಮಂಡ್ಯ ಕಡೆಯವರೂ ರುಚಿ ಹಿಡಿದರು, ಮೊದಲ ವಾರಕ್ಕೆ ತರಿಸಿದ್ದು ಎರಡೇ ರಾತ್ರಿಗೆ ಮುಗಿಯಿತು.

ನವೆಂಬರ್ ಬಿಲ್: ತಲಾ 731, ಊಟದ ದರ ದಿನಕ್ಕೆ 77. ಮೂವತ್ತು ದಿನ ಉಂಡವಳಿಗೆ 3,041. ಅಕ್ಟೋಬರ್‌ನ 63,000ದ ದಾಸ್ತಾನು ಇದರೊಳಗೇ ಸೇರಿದೆ.

ಇನ್ನೂ ತೀರ್ಮಾನವಾಗದೆ ಉಳಿದದ್ದು ಸೆಮಿಸ್ಟರ್ ರಜೆಯ ಪ್ರಶ್ನೆ. ಮೂವತ್ತು ನಲವತ್ತು ಜನಕ್ಕಿಂತ ಕಡಿಮೆಯಾದರೆ ಪ್ರತ್ಯೇಕ ಮೆಸ್ ನಡೆಸುವುದು ದುಬಾರಿ. ಸೀನಿಯರ್ ಹಾಸ್ಟೆಲಿನ ಮೆಸ್‌ಗೆ ಸೇರಿಸಬೇಕಾಗುತ್ತದೆ. ಆದರೆ ಮೊದಲ ವರ್ಷದವರನ್ನು ಬೇರೆ ಇರಿಸಿರುವುದೇ ರ‍್ಯಾಗಿಂಗ್ ತಡೆಯಲು, ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2009ರ ನಿಯಮಾವಳಿ ಹೇಳುವುದೂ ಅದನ್ನೇ. ಹಾಗಾಗಿ ಸೇರಿಸುವುದಾದರೆ ಮೊದಲ ವರ್ಷದವರಿಗೆ ಊಟದ ಹೊತ್ತು ಅರ್ಧ ಗಂಟೆ ಮುಂಚೆ, ಬಡಿಸುವಾಗ ವಾರ್ಡನ್ ಅಥವಾ ಸಹಾಯಕ ವಾರ್ಡನ್ ಊಟದ ಹಾಲ್‌ನಲ್ಲೇ ಇರಬೇಕು, ರ‍್ಯಾಗಿಂಗ್ ವಿರೋಧಿ ಸಹಾಯವಾಣಿ 1800-180-5522 ಹಾಲ್‌ನ ಗೋಡೆಯ ಮೇಲೆ ದೊಡ್ಡದಾಗಿ ಇರಬೇಕು ಎಂದು ಸಮಿತಿ ಬರೆದುಕೊಟ್ಟಿದೆ. ಸುರಪುರದ ಹುಡುಗಿ ಆ ರಜೆಯಲ್ಲೂ ಉಳಿಯುವವರ ಪಟ್ಟಿಯಲ್ಲಿದ್ದಾಳೆ.